ಯುದ್ಧ ಹಾರ್ಮುಜ್‌ನಲ್ಲಿ, ಬೆಲೆ ದಿಲ್ಲಿಯಲ್ಲಿ

ಮಾಜಾಳಿ ಗೇಟು ದಾಟಿ ಗೋವಾದ ಪೋಳೆಂನಲ್ಲಿ ಪೆಟ್ರೋಲು ಹಾಕಿಸಿಕೊಂಡರೆ ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆ ಎಂಬುದನ್ನು ಕಾರವಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕಚ್ಚಾತೈಲ, ಅದೇ ಕಂಪನಿ, ಅದೇ ಡಾಲರು. ಬೇರೆಯಾಗುವುದು ರಾಜ್ಯದ ತೆರಿಗೆ. ಆದರೂ ಎಲ್ಲೋ ಬಾಂಬು ಬಿದ್ದರೆ ಸಾಕು, ಟಿವಿ ನೋಡಿ ನಾಳೆಯೇ ಪೆಟ್ರೋಲು ಏರುತ್ತದೆಂದು ಬಂಕಿನ ಮುಂದೆ ಸಾಲುಗಟ್ಟುವವರೂ ನಾವೇ.

ನನ್ನದು ಶಿರಸಿ ಹತ್ತಿರ ಅಡಿಕೆ ತೋಟ, ಮರಕ್ಕೆ ಹಬ್ಬಿದ ಕಾಳುಮೆಣಸು. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಮೆಣಸು ಈ ವಾರ ಮಾರಬೇಕೋ ಮಳೆಗಾಲ ಕಳೆಯಬೇಕೋ ಎಂದು ವರ್ಷವರ್ಷ ತೀರ್ಮಾನ ಮಾಡುವವನಿಗೆ ಮೆಣಸು ಬೆಳೆಯುವ ವಿಯೆಟ್ನಾಮಿನ ಸುದ್ದಿ ಊರ ಸುದ್ದಿಯೇ. ಹಾಗೆ ಓದುತ್ತ ಓದುತ್ತ ನನಗೊಂದು ಕ್ರಮ ಸಿಕ್ಕಿದೆ. ಯಾವುದೇ ದೊಡ್ಡ ಸುದ್ದಿ ಬಂದರೂ ನಾನು ಮೊದಲು ಕೇಳಿಕೊಳ್ಳುವುದು, ಇದಕ್ಕೂ ನನ್ನ ಕೈಯಲ್ಲಿರುವ ಬಿಲ್ಲಿಗೂ ನಡುವೆ ಸಹಿ ಹಾಕುವವರು ಯಾರಾದರೂ ಇದ್ದಾರೆಯೇ ಎಂದು. ಇದ್ದರೆ ಯುದ್ಧದ ಸುದ್ದಿ ಬಿಟ್ಟು ಆ ಸಹಿಯ ಕಾಗದ ಹುಡುಕುತ್ತೇನೆ.

ಪೆಟ್ರೋಲನ್ನೇ ತೆಗೆದುಕೊಳ್ಳಿ. 2021ರ ದೀಪಾವಳಿಯ ಹಿಂದಿನ ದಿನ ಕೇಂದ್ರ ಅಬಕಾರಿ ಸುಂಕ ಇಳಿಸಿತು, ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 10. ಆಮೇಲೆ ಬೆಲೆ ಅಲುಗಾಡದೆ ನಿಂತಿತು. 2022ರ ಫೆಬ್ರುವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. ಮಾರ್ಚ್ ಮೊದಲ ವಾರ, ಜಗತ್ತಿನ ಕಚ್ಚಾತೈಲದ ಬೆಲೆಗೆ ಅಳತೆಗೋಲಾದ ಬ್ರೆಂಟ್ ತೈಲ ಬ್ಯಾರೆಲ್ಲಿಗೆ 130 ಡಾಲರು ದಾಟಿತು. ಶಿರಸಿಯ ಬಂಕಿನ ಬೋರ್ಡು ಮಾತ್ರ ಹಾಗೇ ಇತ್ತು. ಉತ್ತರ ಪ್ರದೇಶ, ಪಂಜಾಬ್, ಗೋವಾದ ಮತ ಎಣಿಕೆ ಮಾರ್ಚ್ 10ಕ್ಕೆ ಮುಗಿಯಿತು, 22ರಿಂದ ದಿನಾ ಎಂಬಂತೆ ಪೈಸೆ ಪೈಸೆ ಏರತೊಡಗಿತು. ಮೇ ತಿಂಗಳಲ್ಲಿ ಇನ್ನೊಮ್ಮೆ ಸುಂಕ ಇಳಿಸಿದ ಮೇಲೆ ಪುನಃ ನಿಂತಿತು. ಆ ವರ್ಷದ ಕೊನೆಗೆ ಬ್ರೆಂಟ್ 80ರ ಆಸುಪಾಸಿಗೆ ಬಂದರೂ ನಮಗೆ ಇಳಿಯಲಿಲ್ಲ. 2 ರೂಪಾಯಿ ಇಳಿದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಘೋಷಣೆಯ ಹೊಸ್ತಿಲಲ್ಲಿ. ಚುನಾವಣೆ ಮುಗಿದು ಜೂನ್ ಬರುತ್ತಲೇ ನಮ್ಮ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ 3 ರೂಪಾಯಿ ಸೇರಿಸಿತು. ಎರಡು ಕಡೆ ಎರಡು ಪಕ್ಷ. ಕ್ಯಾಲೆಂಡರು ಒಂದೇ.

2025ರ ಜೂನ್‌ನಲ್ಲಿ ಇಸ್ರೇಲ್ ಇರಾನ್ ಹೊಡೆದಾಡುವಾಗ, ನಮ್ಮ ಚಿಕ್ಕಪ್ಪ ಜಗಲಿಯಿಂದಲೇ ಕೂಗಿ ಕೇಳಿದರು: "ತಮಾ, ಹಾರ್ಮುಜ್ ಮುಚ್ಚಿರೆ ಪೆಟ್ರೋಲು ಇನ್ನೂರು ರೂಪಾಯಿ ಆಗ್ತಡ, ಹೌದನಾ?" ಆಗ ಜಗತ್ತು ಬಳಸುತ್ತಿದ್ದ ತೈಲದಲ್ಲಿ ಐದರಲ್ಲೊಂದು ಪಾಲು ಇರಾನಿನ ಪಕ್ಕದ ಆ ಜಲಸಂಧಿ ದಾಟಿ ಬರುತ್ತಿತ್ತು, ಆದ್ದರಿಂದ ಅವರ ಹೆದರಿಕೆ ಸುಳ್ಳಲ್ಲ. ಇರಾನಿನ ಸಂಸತ್ತು ಮುಚ್ಚಬೇಕೆಂದು ಮತ ಹಾಕಿಯೂ ಆಗಿತ್ತು. ಆದರೆ ನಾನು ನೋಡುತ್ತಿದ್ದದ್ದು ಬ್ರೆಂಟ್ ಬೆಲೆ: 70ರ ಹತ್ತಿರ ಇದ್ದದ್ದು 80ರ ಹತ್ತಿರ ಹೋಗಿ ಅಲ್ಲೇ ತಡೆದಿತ್ತು. ದುಡ್ಡು ಹಾಕಿ ಕೂತವರಿಗೇ ಪೂರ್ತಿ ನಂಬಿಕೆ ಬಂದಿಲ್ಲ ಎಂದು ಅದರ ಅರ್ಥ. ಕದನವಿರಾಮದ ದಿನ 70ರ ಕೆಳಗೆ ಬಂತು. ಬಂಕಿನ ಬೋರ್ಡು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

ಇನ್ನು ಮೆಣಸಿನ ಕತೆ. ಇದರಲ್ಲಿ ನಾನು ಹೆಚ್ಚು ಕಲಿತೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ವಿಯೆಟ್ನಾಂ, ಅಲ್ಲಿನ ದರ ನಮ್ಮದಕ್ಕಿಂತ ಕಡಿಮೆ. ನೇರ ತಂದರೆ ಕಡಿಮೆಯೆಂದರೂ ಶೇಕಡಾ 50 ಸುಂಕ. ಶ್ರೀಲಂಕಾದಿಂದ ತಂದರೆ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲ, ಅದರಾಚೆಗೂ ಸುಂಕ ಅಲ್ಪ. ವಿಯೆಟ್ನಾಮಿನ ಮೆಣಸು ಕೊಲಂಬೋದಲ್ಲಿ ಹೆಸರು ಬದಲಿಸಿಕೊಂಡು ಬರುತ್ತದೆ ಎಂಬ ದೂರು ಹುಟ್ಟಿದ್ದು ಹೀಗೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಆಮದು ಮಾಡುವಂತಿಲ್ಲ ಎಂದಿತು. ಊರಲ್ಲಿ ಹಬ್ಬ. ಇನ್ನು 500ರ ಕೆಳಗೆ ಇಳಿಯುವುದೇ ಇಲ್ಲ ಎಂದು ಚೀಲ ಕಟ್ಟಿಟ್ಟವರು ಎಷ್ಟೋ ಮಂದಿ.

ಮುಂದಿನ ಎರಡು ವರ್ಷ ದರ ಹೆಚ್ಚಾಗಿ 400ರ ಕೆಳಗೇ ಆಡಿತು. ಯಾಕೆ? ಆ ಆದೇಶ ಹೇಳಿದ್ದು ಆಮದುದಾರ ಬಿಲ್ಲಿನಲ್ಲಿ ಎಷ್ಟು ಬರೆಯಬೇಕು ಎಂದು. ಶಿರಸಿ ವ್ಯಾಪಾರಿ ನನಗೆ ಎಷ್ಟು ಕೊಡಬೇಕು ಎಂದಲ್ಲ. ಬಿಲ್ಲಿನಲ್ಲಿ ಹೆಚ್ಚು ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ, ಕಳ್ಳದಾರಿಗೆ ಬಿಲ್ಲೇ ಬೇಡ. ಆವತ್ತಿಂದ ಅಧಿಸೂಚನೆ ಬಂತೆಂದರೆ ಪತ್ರಿಕೆಯ ತಲೆಬರಹಕ್ಕೆ ನಿಲ್ಲುವುದಿಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಮೂಲ ಕಾಗದವೇ ಸಿಗುತ್ತದೆ, ಹೆಚ್ಚೆಂದರೆ ಒಂದೆರಡು ಪುಟ. ಇಂಗ್ಲಿಷು ಒರಟು, ಆದರೆ ಓದಲಾಗದ್ದಲ್ಲ. "ಆದರೆ", "ಇದಕ್ಕೆ ಒಳಪಡುವುದಿಲ್ಲ" ಎಂಬಂಥ ಸಾಲು ಎಲ್ಲಿದೆಯೋ ಅಲ್ಲಿ ಕಣ್ಣಿಡುತ್ತೇನೆ.

ಅಡಿಕೆಯಲ್ಲಿ ಇದು ಉಪಯೋಗಕ್ಕೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಅಡಿಕೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬರಬಹುದು ಎಂದಾಗ ಶಿರಸಿ ಪೇಟೆಯಲ್ಲಿ ಅಡಿಕೆ ಕತೆ ಮುಗಿಯಿತು ಎಂಬ ಮಾತೇ ಮಾತು. ಕಾಗದ ತೆಗೆದು ನೋಡಿದರೆ ಅದು ಹಸಿ ಅಡಿಕೆ, ಬರಬೇಕಾದದ್ದು ಪಶ್ಚಿಮ ಬಂಗಾಳದ ಜೈಗಾಂವ್ ಒಂದೇ ದಾರಿಯಲ್ಲಿ. ಹಸಿ ಅಡಿಕೆ ಒಣಗಿದರೆ ಎಷ್ಟು ಉಳಿಯುತ್ತದೆ ಎಂದು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವ ನಮಗೆ ಬೇರೆಯವರು ಹೇಳಬೇಕೆ! ದೇಶದ ಒಟ್ಟು ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ. ನಾನು ಹೆದರಿ ಮಾರಲಿಲ್ಲ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಕುಣಿಯಲೂ ಇಲ್ಲ. ರಫ್ತಿಗೆಂದೇ ಇರುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯಗಳಿಗೆ ಅದೇ ಕಾಗದದಲ್ಲಿ ವಿನಾಯಿತಿ ಇತ್ತು, ದೇಶದೊಳಗೆ ಮಾರಬಾರದು ಎಂಬ ಷರತ್ತಿನೊಂದಿಗೆ. ಷರತ್ತು ಕಾಯುವವರು ಯಾರು ಎಂಬುದು ಬೇರೆ ಪ್ರಶ್ನೆ.

ಸಹಿ ಹಾಕುವವರೇ ಇಲ್ಲದ ಸರಕೂ ಇದೆ. ಅದರಲ್ಲಿ ಜಗತ್ತು ನೇರ ತೋಟಕ್ಕೇ ಇಳಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಮೈಲುತುತ್ತದ ಕಾಲು ಭಾಗ ತಾಮ್ರ. ತಾಮ್ರದ ದರ ನಿರ್ಧಾರವಾಗುವುದು ಲಂಡನ್ನಿನ ಲೋಹ ಪೇಟೆಯಲ್ಲಿ. 2024ರ ಮೇನಲ್ಲಿ ಅದು ಟನ್ನಿಗೆ 11,000 ಡಾಲರು ದಾಟಿತು. ವಿದ್ಯುತ್ ಕಾರು, ವಿದ್ಯುತ್ ಲೈನು, ಕೃತಕ ಬುದ್ಧಿಮತ್ತೆಗೆಂದು ಕಟ್ಟುತ್ತಿರುವ ಡೇಟಾ ಸೆಂಟರು, ಎಲ್ಲಕ್ಕೂ ತಾಮ್ರವೇ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯಲ್ಲಿ ಕೆಸರು ನುಗ್ಗಿ ಕೆಲಸ ನಿಂತಾಗ ನಾನು ಮುಂದಿನ ಮಳೆಗಾಲದ ಮೈಲುತುತ್ತವನ್ನು ಬೇಗ ತಂದಿಡಬೇಕೆಂದು ಬರೆದಿಟ್ಟುಕೊಂಡೆ. ತಂತ್ರಜ್ಞಾನದ ಸುದ್ದಿ ನಮಗ್ಯಾಕೆ ಎನ್ನುವ ಗೆಳೆಯರಿಗೆ ಮದ್ದಿನ ಬಿಲ್ಲು ತೋರಿಸುತ್ತೇನೆ.

ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗೆಳೆಯರೊಬ್ಬರ ಮಗ ದುಬೈಯಲ್ಲಿದ್ದಾನೆ. ಅವರ ಮಟ್ಟಿಗೆ ಈ ಲೆಕ್ಕ ಇನ್ನೂ ಸಲೀಸು. ದಿರ್ಹಮ್ಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಡಾಲರು 90 ರೂಪಾಯಿ ದಾಟಿತು ಎಂದರೆ ದಿರ್ಹಮ್ 24 ರೂಪಾಯಿ 50 ಪೈಸೆ. ರೂಪಾಯಿ ಬಿದ್ದದ್ದಕ್ಕೆ ಟಿವಿಯಲ್ಲಿ ಅಳುವಾಗ ಭಟ್ಕಳದ ಎಷ್ಟೋ ಮನೆಗಳಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚೇ ಬಂತು. ಒಂದೇ ಸುದ್ದಿ, ಘಟ್ಟದ ಮೇಲೆ ಮೈಲುತುತ್ತ ತುಟ್ಟಿ, ಕೆಳಗೆ ಮನಿಯಾರ್ಡರು ದಪ್ಪ.

ಯುದ್ಧದ ಸುದ್ದಿಯಲ್ಲಿ ಬೆಲೆಯ ಆಧಾರವೂ ಇಲ್ಲದಾಗ ಏನು ಮಾಡುವುದು? 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ಹೊತ್ತಿಗೆ ಕಾರವಾರದವರಿಗೆ ಮೊದಲೇ ಮೈ ಬಿಸಿ: ಅರಗಾದಲ್ಲಿ ನೌಕಾನೆಲೆ, ಅತ್ತ ಕೈಗಾ ಅಣುಸ್ಥಾವರ, ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಕರ್ನಾಟಕದಲ್ಲಿ ಆರಿಸಿದ ಮೂರು ಊರಲ್ಲಿ ಕಾರವಾರವೂ ಒಂದು. 8ರ ರಾತ್ರಿ ಅಲ್ಲಿಂದ ನನ್ನ ಭಾವ ಫೋನು ಮಾಡಿದ. "ಭಾವಾ, ಕರಾಚಿ ಬಂದರು ಹೋತಡ! ನಮ್ಮ ಅರಗಾದ ಹಡಗೇ ಹೊಡದ್ದಡ." ಬೆಂಕಿಯ ವಿಡಿಯೋ ಕೂಡ ಕಳಿಸಿದ. ಟಿವಿಯ ನಿರೂಪಕರೂ ಅದನ್ನೇ ಕೂಗುತ್ತಿದ್ದರು.

ನಾನು ಆ ರಾತ್ರಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸರ್ಕಾರದ ಪತ್ರಿಕಾ ಪ್ರಕಟಣೆಯಲ್ಲಿ ಆ ಮಾತಿದೆಯೇ ಎಂದು ನೋಡಿದೆ, ಇರಲಿಲ್ಲ. ಗೆದ್ದ ಸುದ್ದಿಯನ್ನು ಯಾವ ಸರ್ಕಾರವೂ ಬೆಳಗಿನ ತನಕ ಮುಚ್ಚಿಡುವುದಿಲ್ಲ ಎಂದು ಮಲಗಿದೆ. ಓಡಾಡಿದ ಆ ಬೆಂಕಿಯ ದೃಶ್ಯಗಳಲ್ಲಿ ಒಂದು, ಜನವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿದ್ದ ವಿಮಾನದ್ದು ಎಂದು ಆಮೇಲೆ ಗೊತ್ತಾಯಿತು. 11ಕ್ಕೆ ಮೂರೂ ಪಡೆಗಳ ಅಧಿಕಾರಿಗಳು ಪತ್ರಿಕಾಗೋಷ್ಠಿ ಮಾಡಿದರು. ಕರಾಚಿಯೂ ಸೇರಿದಂತೆ ಆಯ್ದ ಗುರಿಗಳನ್ನು ಬೇಕಾದ ಹೊತ್ತಿನಲ್ಲಿ ಹೊಡೆಯಲು ನೌಕಾಪಡೆ ಸಜ್ಜಾಗಿ ನಿಂತಿತ್ತು ಎಂಬುದು ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಅವರ ಮಾತಿನ ಸಾರ. ಅದನ್ನು ಭಾವನಿಗೆ ಕಳಿಸಿದೆ.

"ಹಂಗಾರೆ ಹೊಡದ್ದಿಲ್ಲೆ ಹೇಳಿ ಆತು," ಎಂದ. ಅವರ ಕಾರವಾರದ ವಾಟ್ಸಾಪ್ ಗುಂಪಿಗೂ ಹಾಕಿದನಂತೆ. ಅಧಿಕಾರಿಗಳು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೇನು ಎಂದು ಅಲ್ಲಿ ಒಬ್ಬರು ಜಗಳಕ್ಕೇ ಬಂದರು.