ವಿಹಾರದ ದೋಣಿಯಲ್ಲಿ ಮಂಜೇಶ್ವರದಿಂದ ಪಣಂಬೂರಿನ ಕಡೆಗೆ: ಬಂದರಿನ ಕಾವಲಿನ ನಡುವೆ ಪಾಲಿಸಬೇಕಾದ ಕ್ರಮ

ಶಿರಿಯ ಹೊಳೆಯಲ್ಲೋ ಉಪ್ಪಳ ಹೊಳೆಯಲ್ಲೋ ಸ್ವಂತ ದೋಣಿ ನಡೆಸಿ ಕೈ ಪಳಗಿದವರಿಗೆ, ಅಳಿವೆ ದಾಟಿ ತಲಪಾಡಿಯ ಗಡಿಯನ್ನು ಕಡಲಿನ ದಾರಿಯಲ್ಲೇ ಕಳೆದು ಮಂಗಳೂರಿನತ್ತ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ 2008ರ ನವೆಂಬರಿನಲ್ಲಿ ಉಗ್ರರು ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು, ಕೊನೆಗೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಮುಂಬೈಯ ದಡ ಸೇರಿದ ಬಳಿಕ, ಈ ಕರಾವಳಿಯಲ್ಲಿ ಗುರುತು ಸಿಗದ ಚಿಕ್ಕ ದೋಣಿಯನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಹಾಗೆ ನೋಡಬಾರದೆಂದೇ ನನ್ನ ಅಭಿಪ್ರಾಯ. ಆದ್ದರಿಂದ ದೋಣಿ ಯಾರದೆಂಬುದು ಕಾವಲಿನವರಿಗೆ ಮೊದಲೇ ತಿಳಿದಿರುವಂತೆ ನೋಡಿಕೊಳ್ಳಬೇಕು.

ಹೊರಡುವ ಮುನ್ನಾದಿನವೇ ಕುಂಬಳೆ ಕಡೆಯವರು ಶಿರಿಯದ, ತೆಂಕು ಭಾಗದವರು ಬೇಕಲದ ಕರಾವಳಿ ಪೊಲೀಸ್ ಠಾಣೆಗೆ ಹೋಗಿ, ದೋಣಿಯ ನೋಂದಣಿ ಸಂಖ್ಯೆ, ಬಣ್ಣ, ಜೊತೆಗಿರುವವರ ಹೆಸರು, ಹೋಗುವ ದಾರಿ ಮತ್ತು ಮರಳುವ ಹೊತ್ತನ್ನು ಬರೆದುಕೊಡಬೇಕು. ತಲಪಾಡಿ ದಾಟಿದೊಡನೆ ಕಾವಲು ಕರ್ನಾಟಕದ ಕರಾವಳಿ ಕಾವಲು ಪೊಲೀಸರ ಕೈಗೆ ಹೋಗುವುದರಿಂದ ಮಂಗಳೂರಿನ ಠಾಣೆಗೂ ಅದನ್ನೇ ತಿಳಿಸಬೇಕು. ಇಲ್ಲಿ ಹೇಳಿದ್ದು ತಾನಾಗಿ ಅಲ್ಲಿಗೆ ತಲುಪುತ್ತದೆಂದು ನಂಬಿ ಕೂರಬಾರದು. ಕರಾವಳಿಯ ಭದ್ರತೆಯನ್ನು ಪರೀಕ್ಷಿಸುವ ‘ಸಾಗರ ಕವಚ’ ಅಣಕು ಕಾರ್ಯಾಚರಣೆ ನಡೆಯುವ ದಿನಗಳಲ್ಲಿ ದೋಣಿಗಳ ತಪಾಸಣೆ ಬಿಗಿಯಾಗಿರುತ್ತದೆ. ಆ ದಿನಗಳಲ್ಲಿ ಹೊರಡದಿರುವುದೇ ಒಳ್ಳೆಯದು. ಕರಾವಳಿ ಪೊಲೀಸರ 1093 ಮತ್ತು ಕೋಸ್ಟ್ ಗಾರ್ಡಿನ 1554 ಸಂಖ್ಯೆಗಳು ದೋಣಿಯಲ್ಲಿರುವ ಎಲ್ಲರ ಫೋನಿನಲ್ಲೂ ಇರಲಿ.

ಕಾಗದಪತ್ರಗಳ ವಿಷಯದಲ್ಲಿ ನಾನು ಪಾಠ ಕಲಿತದ್ದು ಒಂದು ಮುಸ್ಸಂಜೆ. ಮೀನುಗಾರಿಕಾ ಬಂದರಿನ ಕಲ್ಲುಗೋಡೆಯ ಬಳಿ ಗಸ್ತುದೋಣಿಯೊಂದು ನಮ್ಮ ಮೇಲೆ ಬೆಳಕು ಹಾಯಿಸಿ ನಿಲ್ಲಿಸಿತು. ನೋಂದಣಿ ಪತ್ರ ಚೀಲದಲ್ಲೇ ಇತ್ತು, ಆದರೆ ಉಪ್ಪುನೀರು ಕುಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಶಾಯಿ ಹರಡಿ, ಸಂಖ್ಯೆಯ ಕೊನೆಯ ಎರಡು ಅಂಕೆಗಳು ಮಾಸಿಹೋಗಿದ್ದವು. ಟಾರ್ಚಿನ ಬೆಳಕಿನಲ್ಲಿ ಬಿಡಿಸಲು ಹೋದಾಗ ಹಾಳೆ ಹರಿದೇ ಹೋಯಿತು. ವಿಚಾರಣೆ ಮುಗಿಯಲು ಎರಡು ಗಂಟೆ ಹಿಡಿಯಿತು. ಈಗ ಪತ್ರ ಮತ್ತು ಗುರುತಿನ ಚೀಟಿಗಳನ್ನು ಲ್ಯಾಮಿನೇಟ್ ಮಾಡಿಸಿ, ಜಿಪ್ ಚೀಲದಲ್ಲಿಟ್ಟು, ಲೈಫ್ ಜಾಕೆಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತೇನೆ.

ನೇತ್ರಾವತಿ ಮತ್ತು ಫಲ್ಗುಣಿ ಕೂಡುವ ಅಳಿವೆಯಲ್ಲಿ ಟ್ರಾಲ್ ಬೋಟುಗಳೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಹಡಗುಗಳೂ ಒಂದೇ ಕಿರಿದಾದ ದಾರಿಯಲ್ಲಿ ಬರುತ್ತವೆ. ಅಲ್ಲಿ ಲಂಗರು ಹಾಕಬೇಡಿ, ಗಾಳ ಬಿಡಬೇಡಿ.

ಪಣಂಬೂರಿನ ನವಮಂಗಳೂರು ಬಂದರಿನ ಮಾತೇ ಬೇರೆ. ಕಚ್ಚಾತೈಲ ಮತ್ತು ಅಡುಗೆ ಅನಿಲದ ಹಡಗುಗಳು ಬರುವ ಈ ಬಂದರಿಗೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕಾವಲಿದ್ದು, ಒಳಕ್ಕೆ ವಿಹಾರದ ದೋಣಿ ಒಯ್ಯುವ ಯೋಚನೆಯನ್ನೇ ಬಿಡಬೇಕು. 2004ರ ಜುಲೈ 1ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಭದ್ರತಾ ಸಂಹಿತೆಯಂತೆ ಇಂಥ ಬಂದರುಗಳಲ್ಲಿ ಮೂರು ಹಂತದ ಭದ್ರತೆ ಇರುತ್ತದೆ. ಹಂತ ಏರಿದಂತೆ ನಿರ್ಬಂಧವೂ ಬಿಗಿಯಾಗುವುದರಿಂದ ಕಳೆದ ವಾರದ ಅನುಭವ ಈ ವಾರಕ್ಕೆ ಆಧಾರವಾಗದು. ಹಡಗುಗಳ ದಾರಿಯನ್ನು ಗುರುತಿಸುವ, ನೀರಿನಲ್ಲಿ ತೇಲುವ ಕೆಂಪು, ಹಸಿರು ಬೋಯ್‌ಗಳ ನಡುವೆ ನುಸುಳಬಾರದು, ಅವುಗಳಿಗೆ ದೋಣಿ ಕಟ್ಟಲೂಬಾರದು. ಕಿರಿದಾದ ಕಾಲುವೆಯಲ್ಲಿ 20 ಮೀಟರಿಗಿಂತ ಚಿಕ್ಕ ದೋಣಿ ದೊಡ್ಡ ಹಡಗಿಗೆ ಅಡ್ಡ ಬರಬಾರದೆಂಬುದು ಕಡಲಿನ ನಿಯಮ. ಇದು ಜೀವದ ಪ್ರಶ್ನೆಯೂ ಹೌದು: ದೊಡ್ಡ ಹಡಗಿನ ಮೂತಿಯ ಮುಂದೆ ಸುಮಾರು 500 ಮೀಟರಿನವರೆಗಿನ ನೀರು ಮೇಲೆ ನಿಂತು ನಡೆಸುವವರ ಕಣ್ಣಿಗೆ ಬೀಳದಿರಬಹುದು. ಲಂಗರು ಹಾಕಿ ಕಾಯುತ್ತಿರುವ ಹಡಗಿಗೂ ಇಷ್ಟೇ ಅಂತರ ಬಿಡುವುದು ನನ್ನ ಪದ್ಧತಿ.

ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗಲ್ಫಿನಿಂದ ತಂದ ತುರಾಯಾ ಉಪಗ್ರಹ ಫೋನನ್ನು ಕಡಲಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಇಟ್ಟುಕೊಳ್ಳಬೇಡಿ. ಭಾರತದಲ್ಲಿ ಅದಕ್ಕೆ ಅನುಮತಿಯಿಲ್ಲ, ಸಿಕ್ಕಿಬಿದ್ದರೆ ಬಂಧನವಾಗಬಹುದು. ಬಂದರಿನ ಬಳಿ ಡ್ರೋನ್ ಹಾರಿಸುವುದೂ ಬೇಡ.

ಗಸ್ತುದೋಣಿ ಸನ್ನೆ ಮಾಡಿದರೆ ಎಂಜಿನ್ ನಿಧಾನಿಸಿ, ಎಲ್ಲರ ಕೈಗಳೂ ಕಾಣುವಂತೆ ಕೂತು, ಅವರೇ ಬಳಿಗೆ ಬರುವವರೆಗೆ ಕಾಯಿರಿ. ಮರಳಿ ದಡ ಸೇರಿದೊಡನೆ, ದೋಣಿಯನ್ನು ಮರಳಿಗೆ ಎಳೆಯುವ ಮೊದಲೇ, ಎರಡೂ ಠಾಣೆಗಳಿಗೆ ಕರೆ ಮಾಡಿ ಬಂದೆವೆಂದು ತಿಳಿಸಿ. ಇಲ್ಲದಿದ್ದರೆ ಕತ್ತಲಾದ ಮೇಲೂ ಯಾರೋ ನಿಮ್ಮನ್ನು ಕಡಲಿನಲ್ಲಿ ಹುಡುಕುತ್ತಿರುತ್ತಾರೆ.