ಎರಡನೇ ಹೋಳಿಗೆ ಬೊಜ್ಜಾಗುವುದು ಹೇಗೆ?

ಮದುವೆ ಊಟ. ಎಲೆಗೆ ಹೋಳಿಗೆ ಬಿತ್ತು, ಮೇಲೊಂದು ಮಿಳ್ಳೆ ತುಪ್ಪ. ಮುಗಿಸುವಷ್ಟರಲ್ಲಿ ಬಡಿಸುವವರು ಇನ್ನೊಂದು ಹಾಕಿಯೇಬಿಟ್ಟರು. ಹೊಟ್ಟೆ ಆಗಲೇ ತುಂಬಿದೆ. ಹಾಗಾದರೆ ಈ ಎರಡನೆಯದು ಎಲ್ಲಿಗೆ ಹೋಗುತ್ತದೆ? ಹಿಂದೆಯೇ ಹೋಗಿ ನೋಡೋಣ.

ಹಂತ 1: ಹಿಟ್ಟು, ಬೇಳೆ, ಬೆಲ್ಲ ಸಣ್ಣ ಕರುಳಿನಲ್ಲಿ ಒಡೆಯುತ್ತವೆ. ಹೆಚ್ಚಿನ ಪಾಲು ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಮೇದೋಜ್ಜೀರಕ ಗ್ರಂಥಿ ಕೂಡಲೇ ಇನ್ಸುಲಿನ್ ಬಿಡುತ್ತದೆ. 'ಸಕ್ಕರೆ ಬಂದಿದೆ, ಒಳಗೆ ತಗೊಳ್ಳಿ' ಎಂದು ಜೀವಕೋಶಗಳಿಗೆ ಹೇಳುವುದು ಇದೇ.

ಹಂತ 2: ಆಗಿಂದಾಗ ಬೇಕಾದಷ್ಟು ಖರ್ಚಾಗಿ ಉಳಿದದ್ದು ಗ್ಲೈಕೋಜನ್ ಆಗುತ್ತದೆ, ಅಂದರೆ ದೇಹ ಕೂಡಿಡುವ ಸಕ್ಕರೆಯ ರೂಪ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಅಷ್ಟೇ ಜಾಗ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ನಿಲ್ಲುತ್ತದೆ. ಮದುವೆಯ ಮಾರನೇ ದಿನ ತೂಕ ನೋಡಿ ಗಾಬರಿಯಾಗುತ್ತೇವಲ್ವಾ, ಅದರಲ್ಲಿ ನೀರೇ ಜಾಸ್ತಿ.

ಹಂತ 3: ತುಪ್ಪದ ದಾರಿಯೇ ಬೇರೆ. ಕರುಳಿನಲ್ಲಿ ಒಡೆದ ಕೊಬ್ಬು ಕರುಳಿನ ಗೋಡೆಯೊಳಗೆ ಮತ್ತೆ ಕೂಡಿಕೊಳ್ಳುತ್ತದೆ. ಸಣ್ಣ ಸಣ್ಣ ಪೊಟ್ಟಣಗಳಾಗಿ ದುಗ್ಧನಾಳಗಳ (ರಕ್ತನಾಳಗಳಿಂದ ಬೇರೆಯಾದ ಲಿಂಫ್ ನಾಳಗಳ) ಮೂಲಕ ರಕ್ತಕ್ಕೆ ಬರುತ್ತದೆ. ಭರ್ಜರಿ ಊಟವಾದ ಮೂರ್ನಾಲ್ಕು ಗಂಟೆಗೆ ರಕ್ತ ತೆಗೆದರೆ, ಮೇಲೆ ನಿಲ್ಲುವ ತಿಳಿ ಅಕ್ಕಚ್ಚಿನ ಹಾಗೆ ಮಬ್ಬಾಗಿರಬಹುದು. ಅದು ಈ ಪೊಟ್ಟಣಗಳ ಕೆಲಸ. ಕೊಬ್ಬಿನ ಕೋಶಗಳ ಹತ್ತಿರ ಬಂದಾಗ ಅವನ್ನು ಒಂದು ಕಿಣ್ವ ಬಿಚ್ಚುತ್ತದೆ. ಕೊಬ್ಬಿನಾಮ್ಲಗಳು ಒಳಗೆ ಹೋಗಿ, ಮೂರು ಮೂರಾಗಿ ಗ್ಲಿಸರಾಲ್‌ಗೆ ಅಂಟಿ, ಒಂದೇ ದೊಡ್ಡ ಹನಿಯಲ್ಲಿ ಸೇರುತ್ತವೆ. ಆ ಹನಿ ಎಷ್ಟು ಉಬ್ಬುತ್ತದೆ ಅಂದರೆ, ಕೋಶದ ನ್ಯೂಕ್ಲಿಯಸ್ ಮೂಲೆಗೆ ಒತ್ತರಿಸಿ ಹೋಗಿರುತ್ತದೆ.

ಹಂತ 4: ಬೆಲ್ಲವೂ ಕೊಬ್ಬಾಗುತ್ತದಾ? ಆಗುತ್ತದೆ, ಆದರೆ ದೇಹಕ್ಕೆ ಅದು ದುಬಾರಿ. ಹೆಚ್ಚುಕಡಿಮೆ ಕಾಲು ಭಾಗ ಶಕ್ತಿ ಬದಲಾಯಿಸುವುದರಲ್ಲೇ ಹೋಗುತ್ತದೆ. ತುಪ್ಪವನ್ನು ಕೂಡಿಡಲು ನೂರಕ್ಕೆ ಮೂರರಷ್ಟು ಖರ್ಚಾದರೆ ಹೆಚ್ಚು. ಹಾಗಾಗಿ ದೇಹ ಮೊದಲು ಸಕ್ಕರೆ ಸುಡುತ್ತದೆ, ತುಪ್ಪವನ್ನು ಎತ್ತಿಡುತ್ತದೆ. 'ಸಿಹಿ ತಿಂದರೆ ಬೊಜ್ಜು' ಅನ್ನುವ ಮಾತು ಬಹುಪಾಲು ಈ ಸುತ್ತುದಾರಿಯಲ್ಲೇ ನಿಜ. ದಿನವೂ ಹೀಗೇ ತಿಂದು ಗ್ಲೈಕೋಜನ್ ಜಾಗ ತುಂಬಿಯೇ ಇದ್ದರೆ ಮಾತ್ರ ಯಕೃತ್ತು ಸಕ್ಕರೆಯಿಂದ ಕೊಬ್ಬು ಮಾಡುವುದನ್ನು ಜೋರು ಮಾಡುತ್ತದೆ. ಅದರಲ್ಲಿ ಸ್ವಲ್ಪ ಅಲ್ಲೇ ಉಳಿದರೆ ಫ್ಯಾಟಿ ಲಿವರ್.

ಒಂದು ಹೋಳಿಗೆಗೆ ಹೊಟ್ಟೆ ಬರುವುದಿಲ್ಲ ಬಿಡಿ. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ರಾತ್ರಿ ಮಲಗಿದ ಮೇಲೆ ಇನ್ಸುಲಿನ್ ಇಳಿಯುತ್ತದೆ, ಅದೇ ಹನಿಯಿಂದ ಕೊಬ್ಬಿನಾಮ್ಲ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಮಧ್ಯಾಹ್ನ ಎತ್ತಿಟ್ಟ ತುಪ್ಪದಲ್ಲಿ ಸ್ವಲ್ಪವಾದರೂ ಬೆಳಗಾಗುವುದರೊಳಗೆ ಖರ್ಚಾಗಿರುತ್ತದೆ.