ಮಡಿಕೇರಿ ಮಳೆಯಲ್ಲಿ ಒಂದು ಕೋಣೆಯನ್ನಾದರೂ ಒಣಗಿಸಿಡಲು

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ನಮ್ಮ ಬೀರು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಒಂದು ದಿನ ಅಮ್ಮನ ಮದುವೆ ಸೀರೆ ಬಿಡಿಸಿದೆ. ಮಡಿಕೆ ಮಡಿಕೆಯಲ್ಲೂ ಬಿಳಿ ಬೂಷ್ಟು. ಮುಟ್ಟಿದರೆ ಬೆರಳಿಗೆ ಪುಡಿ ಅಂಟಿತು. ಆವತ್ತೇ ಗಾಳಿಯ ತೇವ ಹೀರುವ ಮೆಷಿನ್, ಡಿಹ್ಯುಮಿಡಿಫೈಯರ್ ತರಬೇಕು ಅಂತ ತೀರ್ಮಾನಿಸಿದೆ.

ಆದರೆ ಮೊದಲು ಒಂದು ಹೈಗ್ರೋಮೀಟರ್ ಕೊಳ್ಳಿ. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ತೋರಿಸುವ ಪುಟ್ಟ ಮೀಟರ್ ಅದು. ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ನಾಲ್ಕು ಹನಿ ನೀರು ಬಿಡಿ. ಉಪ್ಪು ಒದ್ದೆ ಮರಳಿನ ಹಾಗಿರಬೇಕು, ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ನನ್ನದು 79 ತೋರಿಸಿತು. ಹಾಗಾಗಿ ನಾನು ಯಾವಾಗಲೂ 4 ಕಳೆದೇ ಓದುತ್ತೇನೆ.

ಇನ್ನು ಮೆಷಿನ್. ತಣ್ಣನೆ ಲೋಟದ ಹೊರಗೆ ಹನಿ ಕಟ್ಟುತ್ತದೆ ಅಲ್ವಾ, ಕಂಪ್ರೆಸರ್ ಮಾದರಿಯ ಒಳಗಿನ ಕಾಯಿಲ್ ಮೇಲೆ ಆಗುವುದೂ ಅದೇ. ದಿನಕ್ಕೆ 20 ಲೀಟರ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ ಬಿಸಿ, ಶೇ. 80 ತೇವದ ಲೆಕ್ಕ. ನಮ್ಮ ಜುಲೈ ಚಳಿಯಲ್ಲಿ ಅಷ್ಟು ನೀರು ಬರುವುದೇ ಇಲ್ಲ. ಅದಕ್ಕೇ ಒಂದು ಅಳತೆ ದೊಡ್ಡದನ್ನೇ ತನ್ನಿ. ಮಂಗಳೂರಿನ ಸೆಕೆಯಲ್ಲಿ ಇರುವವರಿಗೆ ಈ ಚಿಂತೆ ಕಮ್ಮಿ.

ಇಡೀ ಮನೆ ಒಣಗಿಸಲು ಹೋಗಬೇಡಿ. ಹೆಂಚಿನ ಮನೆಯಲ್ಲಂತೂ ಆಗದ ಕೆಲಸ. ಬೀರು ಇರುವ, ಮೇಲೆ ಸೀಲಿಂಗ್ ಇರುವ ಕೋಣೆ ಒಂದನ್ನೇ ಆರಿಸಿ. ಕಿಟಕಿ ಹಾಕಿ, ಬಾಗಿಲಡಿಯ ಸಂದಿಗೆ ಹಳೇ ಪಂಚೆ ಸುತ್ತಿಡಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು ಅದರ ಬಾಗಿಲು ತೆರೆದಿಡಿ. ಮೊದಲ ಕೆಲವು ದಿನ ಮೀಟರ್ ಬೇಗ ಇಳಿಯುವುದಿಲ್ಲ. ಗೋಡೆ, ಹಾಸಿಗೆ, ಮರ ಎಲ್ಲ ಕುಡಿದ ನೀರನ್ನು ನಿಧಾನವಾಗಿ ಬಿಡುತ್ತಿರುತ್ತವೆ. ನಮ್ಮಲ್ಲಿ 88ರಿಂದ 60ಕ್ಕೆ ಬರಲು ಐದು ದಿನ ಬೇಕಾಯಿತು. ಈಗ 55ಕ್ಕೆ ಇಟ್ಟಿದ್ದೇನೆ. ತೀರಾ 40ಕ್ಕಿಂತ ಕೆಳಗೆ ಇಳಿಸಬೇಡಿ, ಮರ ಬಿರಿಯುತ್ತದೆ.

ನಮ್ಮದು 300 ವಾಟ್. ಆರು ಗಂಟೆ ಓಡಿಸಿದರೆ ಎರಡು ಯೂನಿಟ್ ಒಳಗೇ ಮುಗಿಯುತ್ತದೆ. ಕರೆಂಟ್ ಹೋಗಿ ಬಂದರೆ ಕಂಪ್ರೆಸರಿಗೆ ಮೂರು ನಿಮಿಷ ಬಿಡುವು ಕೊಟ್ಟು ಆನ್ ಮಾಡಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಟ್ಯಾಂಕಿನ ನೀರು ನೆಲ ಒರೆಸಲು ಆಗುತ್ತದೆ, ಕುಡಿಯಲು ಖಂಡಿತ ಬೇಡ.

ಬೂಷ್ಟು ಹಿಡಿದ ಬಟ್ಟೆಯನ್ನು ಆ ಕೋಣೆಯೊಳಗೆ ಕೊಡವಬೇಡಿ, ಜಗಲಿಗೆ ತನ್ನಿ. ಅಮ್ಮನ ಸೀರೆಯನ್ನು ಹಾಗೇ ಮೆತ್ತನೆ ಬ್ರಷ್‌ನಿಂದ ಒರೆಸಿ, ಪ್ಲಾಸ್ಟಿಕ್ ಕವರ್ ಬಿಸಾಕಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟೆ. ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸುತ್ತೇನೆ.